ಮನಸ್ಸಲ್ಲಿ ಕೂತ ಹಳೇ ಮಾತನ್ನು ಬಿಡುವ ಬಗೆ

ನಮ್ಮನ್ನು ಕಟ್ಟಿಹಾಕುವ ನಂಬಿಕೆ ದೊಡ್ಡ ತತ್ವದ ಹಾಗೆ ಬರೋದಿಲ್ಲ. ಒಂದು ಸಣ್ಣ ಮಾತಾಗಿ ಬರುತ್ತೆ. "ನಮ್ಮಂಥವರಿಗೆ ಅದೆಲ್ಲ ಯಾಕೆ?" "ಈ ವಯಸ್ಸಲ್ಲಿ ಇನ್ನೇನು ಕಲಿಯೋದು?" "ನನ್ನ ಹಣೆಬರಹ ಇಷ್ಟೇ." ಎಷ್ಟೋ ವರ್ಷದಿಂದ ಕೇಳಿ ಕೇಳಿ, ಅದು ಯಾರೋ ಒಬ್ಬರು ಯಾವತ್ತೋ ಆಡಿದ ಮಾತು ಅನ್ನೋದೇ ಮರೆತುಹೋಗಿರುತ್ತೆ. ನಾನಿರೋದೇ ಹೀಗೆ ಅಂದುಕೊಂಡು ಬದುಕುತ್ತಿರುತ್ತೇವೆ.

ನನ್ನ ಪಾಲಿಗೆ ಬಂದ ಮಾತು "ನಿನ್ನ ಕೈಗುಣ ಸರಿಯಿಲ್ಲ" ಅನ್ನೋದು. ನಾನು ಕೊಡಗಿನ ಮಕ್ಕಂದೂರಿನ ಕಡೆಯ ಸಣ್ಣ ಕಾಫಿ ತೋಟದವಳು. ಮನೆಯಲ್ಲಿ ಆಡೋದು ಅರೆಭಾಷೆ. ತೋಟದ ಮನೆಗಳಲ್ಲಿ ಕೈಗುಣಕ್ಕೆ ಎಷ್ಟು ಬೆಲೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಬಾಳೆ ಕಂದು ನೆಡೋಕೆ, ಮೊದಲ ಬೀಜ ಹಾಕೋಕೆ, ಬಾಣಂತಿಗೆ ಮದ್ದು ಅರೆಯೋಕೆ ಕೈಗುಣ ಇದ್ದವರನ್ನೇ ಕರೆಯುತ್ತಾರೆ. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಈ ಮಾತು ಯಾರಿಗೂ ಗೊತ್ತಿರಲಿಲ್ಲ, ಆದರೂ ನಾನಾಗಿ ಹಿಂದೆ ಸರಿಯುತ್ತಿದ್ದೆ. ಕಾಫಿ ಕೊಯ್ದೆ, ಕಣದಲ್ಲಿ ಒಣಗಿಸಿದೆ, ಆಳುಗಳ ಲೆಕ್ಕ ಬರೆದೆ, ಹುತ್ತರಿ ಹಬ್ಬಕ್ಕೆ ಮನೆ ತುಂಬ ಬಂದ ನೆಂಟರಿಗೆ ಅಡುಗೆ ಮಾಡಿದೆ. ಗಿಡ ಮಾತ್ರ ನೆಡಲಿಲ್ಲ.

ಈಗ ನೆಡುತ್ತೇನೆ. ಆ ಮಾತು ಹೇಗೆ ಬಿಟ್ಟುಹೋಯಿತು, ನಿಮ್ಮದೊಂದು ಮಾತನ್ನು ನೀವು ಹೇಗೆ ಬಿಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ನನಗೂ ನಮ್ಮ ಅಕ್ಕಪಕ್ಕದವರಿಗೂ ಉಪಯೋಗಕ್ಕೆ ಬಂದದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಆ ಮಾತನ್ನು ಹಿಡಿಯಿರಿ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲ್ ಬೇಡ, ಅದನ್ನು ಕೈಗೆ ತೆಗೆದುಕೊಂಡರೆ ಇನ್ನೇನೋ ನೋಡುತ್ತಾ ಕೂರುತ್ತೇವೆ. ಯಾವುದಾದರೂ ಕೆಲಸಕ್ಕೆ ಮನಸ್ಸು ಮುಂದೆ ಹೋಗಿ ತಟಕ್ಕನೆ ನಿಂತರೆ, ಆಗ ತಲೆಯಲ್ಲಿ ಓಡಿದ ಮಾತನ್ನು ಬರೆಯಿರಿ. ತಿದ್ದಬೇಡಿ, ಮರ್ಯಾದೆಯ ಭಾಷೆಗೆ ತರಬೇಡಿ. ನನ್ನೊಳಗಿನ ದನಿ ಬಯ್ಯೋದು ಅರೆಭಾಷೆಯಲ್ಲಿ, ಹಾಗಾಗಿ ಅರೆಭಾಷೆಯಲ್ಲೇ ಬರೆದೆ. ನಿಮ್ಮದು ಕೊಡವ ತಕ್ಕ್‌ನಲ್ಲೋ, ತುಳುವಿನಲ್ಲೋ, ಬ್ಯಾರಿ ಭಾಷೆಯಲ್ಲೋ ಬಂದರೆ ಹಾಗೇ ಬರೆದಿಡಿ.

ಪಕ್ಕದಲ್ಲಿ ಇನ್ನೊಂದಿಷ್ಟು: ಎಲ್ಲಿದ್ದಿರಿ, ಎದುರಿಗೆ ಯಾರಿದ್ದರು, ಮೈಯಲ್ಲಿ ಏನಾಯಿತು. ಈ ಮೈಯ ವಿಷಯ ಬಿಡಲೇಬೇಡಿ. ನನಗೆ ನರ್ಸರಿ ಗಿಡದ ಚೀಲ ಹಿಡಿದರೆ ಬಲಗೈ ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಉಳಿದ ಬೆರಳುಗಳು ಅದನ್ನು ಮುಚ್ಚಿಕೊಳ್ಳುತ್ತಿದ್ದವು. ಚೀಲವನ್ನು ಎಡಗೈಗೆ ದಾಟಿಸಿ ಪಕ್ಕದಲ್ಲಿದ್ದವರಿಗೆ ಕೊಡುತ್ತಿದ್ದೆ. ಬರೆಯೋಕೆ ಶುರು ಮಾಡುವ ತನಕ ನಾನು ಇದನ್ನು ನೋಡಿಯೇ ಇರಲಿಲ್ಲ. ಒಬ್ಬರಿಗೆ ಗಂಟಲು ಕಟ್ಟುತ್ತೆ, ಇನ್ನೊಬ್ಬರಿಗೆ ಹೊಟ್ಟೆ ಹಿಂಡುತ್ತೆ. ಮಾತು ಏಳುವ ಮೊದಲೇ ಮೈಗೆ ಗೊತ್ತಾಗಿರುತ್ತೆ.

ಕೆಲವು ವಾರ ಬರೆದರೆ, ಬೇರೆ ಬೇರೆ ಅನ್ನಿಸಿದ್ದೆಲ್ಲ ಒಂದೆರಡು ಮಾತಿಗೆ ಬಂದು ನಿಲ್ಲುತ್ತೆ. ಅದರಲ್ಲಿ ಒಂದನ್ನೇ ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬಿಡ್ತೀನಿ ಅಂತ ಹೊರಟವರು ಬೇಗ ಸುಸ್ತಾಗುತ್ತಾರೆ.

1960ರ ದಶಕದಲ್ಲಿ ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು ಖಿನ್ನತೆ ಇದ್ದವರ ಮಾತು ಕೇಳುತ್ತಾ ಇಂಥದ್ದನ್ನೇ ಗಮನಿಸಿದರು. ಬೇಸರಕ್ಕೆ ಮುಂಚೆ ಒಂದು ಯೋಚನೆ ತಾನಾಗಿ, ಮಿಂಚಿ ಹೋಗುತ್ತೆ. ಅದು ನಿಜವಾ ಅಂತ ಯಾರೂ ಕೇಳೋದಿಲ್ಲ. ಆ ಯೋಚನೆಯನ್ನು ಹಿಡಿದು, ಸಾಕ್ಷಿ ಕೇಳಿ, ಪರೀಕ್ಷೆ ಮಾಡುವ ಚಿಕಿತ್ಸೆಯನ್ನು ಅವರು ಬೆಳೆಸಿದರು. ಇವತ್ತು ಅದನ್ನು ಎಲ್ಲ ಕಡೆ ಬಳಸುತ್ತಾರೆ. ನಮ್ಮ ಹಿರಿಯರ ಧ್ಯಾನದ ದಾರಿಗೂ ಈ ವೈದ್ಯರ ದಾರಿಗೂ ಜಗಳ ಇಲ್ಲ ಅಂತ ನನಗೆ ಅನ್ನಿಸಿದೆ. ಎರಡೂ ಬೇಕು.

ಸುಮ್ನೆ ಕೂರುವ ಅಭ್ಯಾಸ

ಅಧ್ಯಾತ್ಮ ಅಂದರೆ ನನಗೆ ಇಷ್ಟು: ಒಳಗೆ ಒಂದು ಮಾತು ಎದ್ದಾಗ, ಅದನ್ನು ಕೇಳಿಸಿಕೊಳ್ಳುವ ನಾನೂ ಅಲ್ಲೇ ಇದ್ದೇನೆ ಅನ್ನೋದು ಗೊತ್ತಾಗೋದು. ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳ ವಿಷಯ ಬರುತ್ತೆ. ಒಂದು ಹಣ್ಣು ತಿನ್ನುತ್ತೆ, ಇನ್ನೊಂದು ತಿನ್ನದೆ ನೋಡುತ್ತಾ ಇರುತ್ತೆ. ದಿನಾ ಕೂರೋಕೆ ಶುರು ಮಾಡಿದ ಮೇಲೆ ಆ ಎರಡನೇ ಹಕ್ಕಿ ಯಾರು ಅಂತ ನನಗೆ ಸ್ವಲ್ಪ ಸ್ವಲ್ಪ ತಿಳಿಯಿತು.

ಬೆಳಗ್ಗೆ ಒಲೆ ಹಚ್ಚುವ ಮೊದಲು ಹತ್ತು ನಿಮಿಷ ಸಾಕು. ಮಂಡಿ ನೋವಿದ್ದರೆ ಕುರ್ಚಿಯಲ್ಲಿ ಕೂರಿ. ಬೆನ್ನು ನೇರ ಇರಲಿ, ಬಿಗಿ ಬೇಡ. ಮೂಗಿನ ತುದಿಯಲ್ಲಿ ಉಸಿರು ಬರೋದು ಹೋಗೋದನ್ನು ಗಮನಿಸಿ. ಉಸಿರನ್ನು ಉದ್ದ ಮಾಡೋಕೆ, ತಡೆಯೋಕೆ ಹೋಗಬೇಡಿ. ಮನಸ್ಸು ಓಡುತ್ತೆ. ಓಡಿದ್ದು ಗೊತ್ತಾದಾಗ "ಯೋಚನೆ" ಅಂತ ಒಳಗೇ ಅಂದು ವಾಪಸ್ ಬನ್ನಿ. ಹತ್ತು ನಿಮಿಷದಲ್ಲಿ ಎಷ್ಟು ಸಲ ಓಡಿದರೂ ಪರವಾಗಿಲ್ಲ. ವಾಪಸ್ ಬರೋದೇ ಅಭ್ಯಾಸ.

ದಮ್ಮು ಇರುವವರಿಗೆ, ಗಾಬರಿ ಜಾಸ್ತಿ ಆಗುವವರಿಗೆ ಉಸಿರನ್ನೇ ನೋಡುತ್ತಾ ಕೂತರೆ ಇನ್ನೂ ಗಾಬರಿ ಆಗಬಹುದು. ಅವರು ಶಬ್ದ ಕೇಳಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಶಬ್ದಕ್ಕೆ ಕೊರತೆ ಇಲ್ಲ. ತಗಡಿನ ಮೇಲೆ ಬೀಳುವ ಮಳೆ ಬೇರೆ, ಹೆಂಚಿನ ಮೇಲಿನದು ಬೇರೆ, ಕಾಫಿ ಎಲೆ ಮೇಲಿನದು ಬೇರೆ. ಒಂದೊಂದನ್ನೇ ಬಿಡಿಸಿ ಕೇಳಿ.

ಮನೆಯಲ್ಲಿ ಜಾಗ ಇಲ್ಲ ಅನ್ನುವವರಿಗೆ ಒಂದು ಮಾತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಹೆಚ್ಚು ಕಡಿಮೆ ಪ್ರತಿ ಊರಿಗೂ ಒಂದು. ಅಲ್ಲಿ ಕೊಂಬೆ ಮುರಿಯಬಾರದು ಅನ್ನೋದು ಹಿಂದಿನಿಂದ ಬಂದ ಕಟ್ಟಳೆ. ಒಳಗೆ ಹೋಗಬಾರದು ಅನ್ನುವ ನೇಮ ಇದ್ದರೆ ಅಂಚಿನಲ್ಲೇ ಕೂರಿ. ಏನೂ ಕೇಳಿಕೊಳ್ಳದೆ, ಹರಕೆ ಹೊರದೆ ಸುಮ್ನೆ ಕೂತು ಬನ್ನಿ.

ಕೂತಾಗ ಆ ನಿಮ್ಮ ಮಾತು ಬಂದೇ ಬರುತ್ತೆ. ಓಡಿಸಬೇಡಿ. ಅದಕ್ಕೆ ಎದುರಾಗಿ "ನನ್ನ ಕೈಗುಣ ತುಂಬಾ ಚೆನ್ನಾಗಿದೆ" ಅಂತ ಜಪ ಮಾಡುವಂತೆ ಕೆಲವರು ಹೇಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ಮನಸ್ಸಿಗೆ ಸುಳ್ಳು ತಿಳಿಯುತ್ತೆ. ಮಾತು ಬಂತು, ಹೆಬ್ಬೆರಳು ಮಡಚಿತು, ಮಾತು ಹೋಯಿತು ಅಂತ ನೋಡಿದರೆ ಸಾಕು. ನೀವು ತಳ್ಳದೆ ಇದ್ದಾಗ ಅದು ಎಷ್ಟು ಹೊತ್ತು ನಿಲ್ಲುತ್ತೆ ಗಮನಿಸಿ. ನನ್ನದು ಕೆಲವೇ ಉಸಿರಿನಷ್ಟು ಹೊತ್ತು ಇದ್ದು ಹೋಗುತ್ತಿತ್ತು. ಇಷ್ಟು ಸಣ್ಣದಕ್ಕಾ ಇಷ್ಟು ವರ್ಷ ಹೆದರಿದ್ದು ಅಂತ ಅವತ್ತು ಅತ್ತಿದ್ದೆ. ನಿಮಗೂ ಅಳು ಬಂದರೆ ಅಳಿ.

ಯಾರು ಹೇಳಿದ್ದು, ಯಾವಾಗ?

ಮಾತಿಗೊಂದು ಮೂಲ ಇರುತ್ತೆ. ನೆನಪಿಗೆ ಬಂದರೆ ಬರೆಯಿರಿ, ಬರದಿದ್ದರೆ ಒದ್ದಾಡಬೇಡಿ.

ನನಗೆ ಹೇಳಿದ್ದು ನಮ್ಮ ಮನೆಯ ಹಿರಿಯರೊಬ್ಬರು. ಪ್ರೈಮರಿ ಶಾಲೆಯ ದಿನಗಳಲ್ಲಿ ನಾನು ನೆಟ್ಟ ದಾಸವಾಳದ ಕಡ್ಡಿಗಳು ಒಣಗಿದ್ದವು. ನಾನು ನೀರು ಹಾಕಿದ್ದ ಮೆಣಸಿನ ಬಳ್ಳಿಯೂ ಅದೇ ವರ್ಷ ಮಳೆಗಾಲದಲ್ಲಿ ಸೊರಗಿತ್ತು. ಎರಡನ್ನೂ ಸೇರಿಸಿ ಅವರು ಆ ಮಾತು ಹೇಳಿದರು. ಈಗ ಯೋಚಿಸಿದರೆ ಅವರ ಕಷ್ಟ ಕಾಣುತ್ತೆ. ಒಳ್ಳೆ ಬಳ್ಳಿಯ ಕಡ್ಡಿ ಸಿಗೋದೇ ಕಷ್ಟವಿದ್ದ ಕಾಲ. ಮಕ್ಕಳು ಮುಟ್ಟದಿರಲಿ ಅಂತ ಅಂದಿರಬೇಕು. ನನಗೆ ಅಕ್ಕಿ ರೊಟ್ಟಿ ತಟ್ಟೋದು ಕಲಿಸಿದವರೂ ಅವರೇ, ಜ್ವರ ಬಂದಾಗ ರಾತ್ರಿಯೆಲ್ಲ ಕೂತವರೂ ಅವರೇ.

ಇಲ್ಲಿ ತುಂಬ ಜನ ಸಿಕ್ಕಿಕೊಳ್ಳುತ್ತಾರೆ. ಮಾತನ್ನು ಬಿಟ್ಟರೆ ಆ ಹಿರಿಯರಿಗೆ ಎದುರಾಡಿದ ಹಾಗೆ ಅನ್ನಿಸುತ್ತೆ. ನಾನು ಮಾಡಿದ್ದು ಹೀಗೆ. ಹಿರಿಯರಿಗೆ ಎಡೆ ಇಡುವ ದಿನ, ಎಲೆ ಮುಂದೆ ದೀಪ ಹಚ್ಚಿ ಎಲ್ಲರೂ ಹೊರಗೆ ಬಂದ ಮೇಲೆ, ಒಬ್ಬಳೇ ನಿಂತು ಹೇಳಿದೆ: "ನೀವು ಕೊಟ್ಟದ್ದೆಲ್ಲ ನನ್ನ ಹತ್ತಿರ ಇರಲಿ. ಈ ಒಂದು ಮಾತನ್ನು ಮಾತ್ರ ವಾಪಸ್ ಇಡುತ್ತಿದ್ದೇನೆ." ಗಟ್ಟಿಯಾಗಿ, ಬಾಯಿಬಿಟ್ಟು ಹೇಳಿದೆ. ನಿಮ್ಮ ಮನೆಯಲ್ಲಿ ಎಡೆ ಇಡುವ ಪದ್ಧತಿ ಇಲ್ಲದಿದ್ದರೆ ಕಾಗದದಲ್ಲಿ ಬರೆದರೂ ಆಗುತ್ತೆ. ಅವರು ಬದುಕಿದ್ದರೆ ಹೋಗಿ ಜಗಳ ತೆಗೆಯಬೇಡಿ. ಅವರಿಗೆ ನೆನಪೇ ಇರೋದಿಲ್ಲ.

ಕಾರಣ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ, ಧ್ಯಾನಕ್ಕಿಂತ ಸ್ವಲ್ಪ ಜಾಸ್ತಿಯೇ. ನಂಬಿಕೆ ಕೂತಿರುವ ಜಾಗದಲ್ಲಿ ಸಾಮಾನ್ಯವಾಗಿ ಒಂದು ಕಾರಣ ಕಾಣೆಯಾಗಿರುತ್ತೆ. ಕಾರಣ ಗೊತ್ತಿಲ್ಲದ್ದಕ್ಕೆ ನಮ್ಮ ಹೆಸರು ಬರೆದುಕೊಂಡಿರುತ್ತೇವೆ.

ಮೆಣಸಿನ ಬಳ್ಳಿ ಯಾಕೆ ಸಾಯುತ್ತೆ? ನಮ್ಮಲ್ಲಿ ಮಳೆಗಾಲದಲ್ಲಿ ಬರುವ ಶೀಘ್ರ ಸೊರಗು ರೋಗಕ್ಕೆ ಫೈಟಾಫ್ತೊರಾ ಕ್ಯಾಪ್ಸಿಸಿ ಅನ್ನುವ ಶಿಲೀಂಧ್ರದಂಥ ಜೀವಿ ಕಾರಣ. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಬುಡದಲ್ಲಿ ನೀರು ನಿಂತರೆ, ನೆರಳು ದಟ್ಟವಾಗಿ ಗಾಳಿ ಆಡದಿದ್ದರೆ ಅದಕ್ಕೆ ಹಬ್ಬ. ಬುಡ ಕೊಳೆತ ಬಳ್ಳಿ ಎರಡು ಮೂರು ವಾರದಲ್ಲಿ ಎಲೆ ಉದುರಿಸಿ ಹೋಗಿಬಿಡುತ್ತೆ. ಮೊನ್ನೆ ಹಸಿರಾಗಿದ್ದದ್ದು ಇವತ್ತು ಸತ್ತಿದೆ ಅಂದರೆ ಮನುಷ್ಯ ಏನೆಂದುಕೊಳ್ಳುತ್ತಾನೆ? ದೃಷ್ಟಿ, ಶಾಪ, ಕೈಗುಣ.

ಮಡಿಕೇರಿ ಹತ್ತಿರ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಈ ರೋಗ ತಡೆಯೋಕೆ ಅಲ್ಲಿಯವರು ಹೇಳೋದು ಇಷ್ಟು. ಮಳೆಗೆ ಮುಂಚೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯೋದು, ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಬಸಿಗಾಲುವೆ ತೆಗೆಯೋದು. ಟ್ರೈಕೋಡರ್ಮ ಅನ್ನುವ ಉಪಕಾರಿ ಶಿಲೀಂಧ್ರವನ್ನು ಗೊಬ್ಬರಕ್ಕೆ ಬೆರೆಸಿ ಬುಡಕ್ಕೆ ಹಾಕೋದು. ಮರದ ಕೊಂಬೆ ಸವರಿ ಬೆಳಕು ಬಿಡೋದು. ಬೆಳೆಗಾರರಿಗೆಲ್ಲ ಗೊತ್ತಿರುವ ವಿಷಯಗಳೇ ಇವು. ನನ್ನ ಬಾಲ್ಯದ ಆ ಬಳ್ಳಿ ಇದ್ದದ್ದು ಅಂಗಳದ ನೀರು ಹರಿದು ಬಂದು ನಿಲ್ಲುವ ಮೂಲೆಯಲ್ಲಿ. ದಾಸವಾಳ ನೆಟ್ಟಿದ್ದು ಏಪ್ರಿಲ್ ಬಿಸಿಲಲ್ಲಿ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿದಾಗ ನನ್ನ ಕೈಗೆ ಅಲ್ಲಿ ಕೆಲಸವೇ ಉಳಿದಿರಲಿಲ್ಲ.

ನಿಮ್ಮದು ಲೆಕ್ಕ ಬರೋದಿಲ್ಲ ಅನ್ನುವ ಮಾತಿರಬಹುದು. ಆ ವರ್ಷ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಇದ್ದರಾ? ಕಣ್ಣು ಸರಿ ಕಾಣುತ್ತಿತ್ತಾ? ಮಳೆಗಾಲದಲ್ಲಿ ಎಷ್ಟು ದಿನ ಶಾಲೆಗೆ ಹೋಗೋಕೆ ಆಯಿತು? ಪೊಲೀಸಿನವರು ಕೇಳುವ ಹಾಗೆ ಬಿಡದೆ ಕೇಳಿ.

ಮಾಡಿ ನೋಡಿ, ಎರಡೂ ಕಡೆಯ ಲೆಕ್ಕ ಇಡಿ

ಬರೀ ಯೋಚನೆಯಿಂದ ಮಾತು ಹೋಗೋದಿಲ್ಲ. ಕೈಗೆ ಬೇರೆ ಅನುಭವ ಬೇಕು. ಕೆಟ್ಟರೂ ದೊಡ್ಡ ನಷ್ಟ ಆಗದಂಥ ಒಂದು ಸಣ್ಣ ಕೆಲಸ ಆರಿಸಿ.

ನಾನು ಮೆಣಸಿನ ಬಳ್ಳಿಯನ್ನೇ ಆರಿಸಿದೆ. ಚೆನ್ನಾಗಿ ಕಾಯಿ ಬಿಡುವ ತಾಯಿಬಳ್ಳಿಯ ಬುಡದಿಂದ ಹಬ್ಬುವ ಕುಡಿಗಳನ್ನು ನೆಲಕ್ಕೆ ತಾಗದ ಹಾಗೆ ಕೋಲಿಗೆ ಸುತ್ತಿಟ್ಟೆ. ಫೆಬ್ರವರಿ ಕೊನೆಗೆ ಎರಡು ಮೂರು ಗೆಣ್ಣಿನ ತುಂಡು ಮಾಡಿ ಚೀಲಕ್ಕೆ ಹಾಕಿ ನೆರಳಲ್ಲಿಟ್ಟೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಿಲ್ವರ್ ಓಕ್ ಮರದ ಉತ್ತರದ ಬದಿಯಲ್ಲಿ, ಬುಡದಿಂದ ಒಂದಡಿ ಬಿಟ್ಟು ಗುಂಡಿ ತೆಗೆದೆ. ಉತ್ತರದ ಬದಿ ಯಾಕೆ ಅಂದರೆ ಬೇಸಿಗೆಯ ಮಧ್ಯಾಹ್ನದ ಬಿಸಿಲು ಅಲ್ಲಿಗೆ ಕಡಿಮೆ. ಚೀಲ ಹರಿದು ಗಿಡ ಎತ್ತುವಾಗ ಹೆಬ್ಬೆರಳು ಮಡಚಿತು. ಅದನ್ನು ನೋಡಿದೆ. ಹಾಗೇ ಒಂದಷ್ಟು ಹೊತ್ತು ಮಣ್ಣಿನಲ್ಲಿ ಕೈ ಇಟ್ಟುಕೊಂಡು ಕೂತೆ. ಮಳೆ ಬೆನ್ನ ಮೇಲೆ ಬೀಳುತ್ತಿತ್ತು. ಬೆರಳು ಬಿಟ್ಟುಕೊಂಡಿತು. ಒಂದು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಇಳಿಸಿ, ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸಿ ಒತ್ತಿದೆ. ಎಳೆ ಕುಡಿಯನ್ನು ಬಾಳೆ ನಾರಿನಿಂದ ಮರಕ್ಕೆ ಕಟ್ಟಿದೆ.

ಕೆಲವು ಬಳ್ಳಿ ಹಿಡಿದವು, ಕೆಲವು ಸತ್ತವು. ಇಲ್ಲಿ ಎಚ್ಚರ ಬೇಕು. ಹಳೇ ಮಾತು ಸತ್ತ ಬಳ್ಳಿಯನ್ನು ಮಾತ್ರ ಎಣಿಸುತ್ತೆ. ಅದಕ್ಕೇ ಬದುಕಿದ್ದು ಒಂದು ಕಡೆ, ಸತ್ತದ್ದು ಇನ್ನೊಂದು ಕಡೆ ಬರೆಯಿರಿ. ಸತ್ತದ್ದರ ಪಕ್ಕದಲ್ಲಿ ಕಾರಣ ಬರೆಯಿರಿ. ಬೇರೆಯವರು ನೆಟ್ಟದ್ದರ ಲೆಕ್ಕವನ್ನೂ ಇಡಿ. ಕೈಗುಣಕ್ಕೆ ಹೆಸರಾದ ನಮ್ಮ ನೆರೆಯವರ ತೋಟದಲ್ಲೂ ತಗ್ಗಿನ ಬಳ್ಳಿಗಳು ಹೋಗಿದ್ದವು, ದಿಬ್ಬದವು ಉಳಿದಿದ್ದವು. ನಮ್ಮಲ್ಲೂ ಹಾಗೇ. ಮೂರನೇ ವರ್ಷ ಮೊದಲ ಗೊಂಚಲು ಬಿಟ್ಟಾಗ ಅದನ್ನು ಕೊಯ್ದು ಒಣಗಿಸಿ ದೇವರ ಮುಂದೆ ಇಟ್ಟೆ.

ಬಿಡಬಾರದ್ದೂ ಇದೆ

ಎಲ್ಲ ಭಯವೂ ಬಿಡಬೇಕಾದ ನಂಬಿಕೆ ಆಗೋದಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಮುತ್ತ ಗುಡ್ಡ ಜರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಎಲ್ಲ ಕಡೆ ಮನೆ, ತೋಟ, ಜನ ಹೋದರು. ಈಗಲೂ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತೇವೆ. ಇದನ್ನು ಮನಸ್ಸಿನ ದೌರ್ಬಲ್ಯ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನೆಲದಲ್ಲಿ ಬಿರುಕು ಬಿಟ್ಟರೆ, ಮರ ವಾಲಿದರೆ, ಇಲ್ಲದ ಕಡೆ ಒರತೆ ಎದ್ದು ಕೆಸರು ನೀರು ಬಂದರೆ ಧ್ಯಾನಕ್ಕೆ ಕೂರಬೇಡಿ. ಮನೆ ಬಿಟ್ಟು ಹೊರಡಿ. ಇಳಿಜಾರು ಕೊರೆದು ರಸ್ತೆ, ಮನೆ ಮಾಡಿದ್ದರಿಂದಲೂ ಮಣ್ಣು ಸಡಿಲವಾಯಿತು ಅಂತ ಭೂವಿಜ್ಞಾನಿಗಳು ಹೇಳಿದ್ದಾರೆ. ಆ ಎಚ್ಚರಿಕೆ ನಮ್ಮ ಜೊತೆಗೇ ಇರಬೇಕು. ನಾನು ಬಿಟ್ಟದ್ದು ಬೇರೆ. ಗುಡ್ಡ ಜರಿದ ಮೇಲೆ "ನನ್ನ ಕಾಲುಗುಣವೂ ಸರಿಯಿಲ್ಲವೇನೋ" ಅಂತ ಹಳೇ ಮಾತಿಗೆ ಹೊಸ ಬಾಲ ಬೆಳೆದಿತ್ತು. ಅದನ್ನು ಬಿಟ್ಟೆ.

ಇನ್ನೊಂದು ವಿಷಯ ನನ್ನನ್ನು ತುಂಬ ಕಾಡುತ್ತೆ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರು "ನಮ್ಮಿಂದ ಆಗಲ್ಲ" ಅಂದರೆ, ಅದು ಮನಸ್ಸಿನ ಕಟ್ಟಾಗಿ ಇರಲೇಬೇಕಿಲ್ಲ. ಜಾಗ ಇಲ್ಲ, ಕಾಗದ ಇಲ್ಲ, ಕೂಲಿ ಸಾಲದು. ಅವರಿಗೆ ಯೋಚನೆ ಬದಲಿಸಿಕೊಳ್ಳಿ ಅಂತ ಉಪದೇಶ ಮಾಡೋದು ಅನ್ಯಾಯ. ಮೊದಲು ಕೂಲಿ ಸರಿಯಾಗಿ ಕೊಡೋಣ.

ದುಃಖವೂ ಹಾಗೇ, ಅದಕ್ಕೆ ಅದರ ಕಾಲ ಕೊಡಿ. ಆದರೆ ಎರಡು ವಾರ ದಾಟಿದರೂ ನಿದ್ದೆ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಸಾಯುವ ಯೋಚನೆ ಬರುತ್ತಿದ್ದರೆ ನೋಟ್‌ಬುಕ್ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರವೂ ಕಾಯಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದೇ ದಿನಕ್ಕೆ ಹೋಗೋದಿಲ್ಲ

ತುಲಾ ಸಂಕ್ರಮಣಕ್ಕೆ, ಅಕ್ಟೋಬರ್ ಮಧ್ಯದಲ್ಲಿ, ತಲಕಾವೇರಿಗೆ ಹೋಗುವವರು ಮೊದಲು ಭಾಗಮಂಡಲದ ಸಂಗಮದಲ್ಲಿ ಮುಳುಗು ಹಾಕುತ್ತಾರೆ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಜಾಗ. ಅಲ್ಲಿ ಮನಸ್ಸಲ್ಲೇ ಆ ಮಾತನ್ನು ಬಿಟ್ಟು ಬನ್ನಿ, ಒಳ್ಳೆಯದೇ. ಬರೆದ ಕಾಗದ, ಬಟ್ಟೆ, ಪ್ಲಾಸ್ಟಿಕ್ ಮಾತ್ರ ದಯವಿಟ್ಟು ಹೊಳೆಗೆ ಹಾಕಬೇಡಿ. ಆಮೇಲೆ ಮನೆಗೆ ಬಂದ ವಾರಕ್ಕೇ ಮಾತು ಮತ್ತೆ ಕೇಳಿಸಿದರೆ, ತೀರ್ಥ ಫಲಿಸಲಿಲ್ಲ ಅಂತ ಅಳಬೇಡಿ.

ಕುಶಾಲನಗರ ದಾಟಿ ಕಾವೇರಿಯ ಆಚೆ ಬೈಲುಕುಪ್ಪೆಗೆ ಹೋದವರು ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನನ್ನು ನೋಡಿ ಬರುತ್ತೀರಿ. ಟಿಬೆಟಿನವರ ಪೂಜೆಯ ಜಾಗದಲ್ಲಿ ನೀರಿನ ಬಟ್ಟಲುಗಳ ಸಾಲನ್ನೂ ನೋಡಿ, ಸಾಮಾನ್ಯವಾಗಿ ಏಳು ಇರುತ್ತವೆ. ಬೆಳಗ್ಗೆ ತುಂಬುತ್ತಾರೆ. ಸಂಜೆ ಖಾಲಿ ಮಾಡಿ, ಒರೆಸಿ, ಬೋರಲು ಇಡುತ್ತಾರೆ. ಮರುದಿನ ಮತ್ತೆ ತುಂಬೋದು, ಮತ್ತೆ ಚೆಲ್ಲೋದು. ಮಾತನ್ನು ಬಿಡೋದೂ ನನಗೆ ದಿನದ ಕೆಲಸವೇ ಆಗಿದೆ. ಈಗಲೂ ಬರುತ್ತೆ. ಬಂದು ಬೇಗ ಹೋಗುತ್ತೆ.

ಜೊತೆಗೊಬ್ಬರು ಇರಲಿ

ಒಬ್ಬರೇ ಮಾಡಬಹುದು. ಜೊತೆ ಇದ್ದರೆ ಸುಲಭ. ಕಾಫಿ ಕೊಯ್ಲಿನ ಸಮಯದಲ್ಲಿ ಶುರು ಮಾಡಬೇಡಿ, ಪುರುಸೊತ್ತೇ ಸಿಗೋದಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಆಟಿ ತಿಂಗಳು ಒಳ್ಳೆಯದು. ಶುಭ ಕಾರ್ಯ ಇಲ್ಲ, ಹೊರಗೆ ಓಡಾಟ ಇಲ್ಲ. ಇಬ್ಬರು ಕೂತು ಒಬ್ಬರ ನೋಟ್‌ಬುಕ್ ಇನ್ನೊಬ್ಬರಿಗೆ ಓದಿ ಹೇಳಬೇಕು. ಕೇಳುವವರು ಸಲಹೆ ಕೊಡಬಾರದು, ಸಮಾಧಾನವನ್ನೂ ಮಾಡಬಾರದು. ಅವರು ಕೇಳಬಹುದಾದ್ದು ಇಷ್ಟೇ: ಯಾರು ಹೇಳಿದ್ದು? ಬೇರೆ ಕಾರಣ ಏನಿರಬಹುದು? ಏನು ಮಾಡಿ ನೋಡ್ತೀಯಾ?

ನನ್ನ ಜೊತೆ ಕೂರೋದು ಪಕ್ಕದ ತೋಟದ ಗೆಳತಿ. ಅವಳ ಮಾತು "ಗಾಡಿ ನಿನ್ನ ಕೈಗೆ ಹತ್ತಲ್ಲ" ಅನ್ನೋದು. ಹುಡುಗಿಯಾಗಿದ್ದಾಗ ಅಂಗಳದಲ್ಲಿ ಜೀಪು ಹಿಂದಕ್ಕೆ ತೆಗೆಯುವಾಗ ಕಟ್ಟೆಗೆ ತಾಗಿಸಿದ್ದಳಂತೆ, ಅವತ್ತು ಬಂದ ಮಾತು. ಕಾರಣ ಕೇಳುತ್ತಾ ಹೋದರೆ ಅವಳ ಕಾಲು ಕ್ಲಚ್‌ಗೆ ಸರಿಯಾಗಿ ಎಟುಕುತ್ತಿರಲಿಲ್ಲ, ಯಾರೂ ಸೀಟು ಮುಂದೆ ಸರಿಸಿರಲಿಲ್ಲ. ಮೊದಲು ತೋಟದೊಳಗಿನ ದಾರಿಯಲ್ಲಿ ಓಡಿಸಿದಳು, ಆಮೇಲೆ ಟಾರು ರಸ್ತೆಗೆ ಬಂದಳು. ಈಗ ಮಡಿಕೇರಿಯ ಶುಕ್ರವಾರದ ಸಂತೆಗೆ ಅವಳೇ ಕರೆದುಕೊಂಡು ಹೋಗುತ್ತಾಳೆ. ಸಂಪಾಜೆ ಘಾಟಿ ಇಳಿಯೋದು ಬಾಕಿ ಇದೆ. ಮಳೆ ನಿಂತು ರಸ್ತೆ ಒಣಗಿದ ಮೇಲೆ ಇಳಿಯೋಣ ಅಂತ ಮಾತಾಗಿದೆ.